ತಲೆಯ ಮೇಲೆ ತೂಗುವ ಟನ್ನು: ಸ್ಟೇಜ್ ರಿಗ್ಗಿಂಗ್‌ಗೆ ಲೆಕ್ಕ ಕೇಳುವವರು ಯಾರು?

2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಅದಾದ ಮೇಲೆ ಕಾರ್ಯಕ್ರಮ ಮಾಡುವವರಿಗೆ ಕೇಳುವ ಪ್ರಶ್ನೆಗಳು ಜಾಸ್ತಿಯಾಗಿವೆ. ಎಷ್ಟು ಜನ ಬರುತ್ತಾರೆ? ಗೇಟು ಎಷ್ಟು? ಆಂಬುಲೆನ್ಸ್ ಎಲ್ಲಿ ನಿಲ್ಲುತ್ತದೆ? ಆ ವರ್ಷದ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರ ಜನಸಂದಣಿ ನಿಯಂತ್ರಣ ಮಸೂದೆಯನ್ನೂ ವಿಧಾನಸಭೆಯಲ್ಲಿ ಮಂಡಿಸಿತು. ಇವೆಲ್ಲ ಕೇಳಲೇಬೇಕಾದ ಪ್ರಶ್ನೆಗಳು, ಸರಿ. ಆದರೆ ಆ ಜನರ ತಲೆಯ ಮೇಲೆ, ಹಾಡುವವರ ತಲೆಯ ಮೇಲೆ ಎಷ್ಟು ತೂಕ ನೇತಾಡುತ್ತಿದೆ? ಎಷ್ಟು ಗಾಳಿಗೆ ಅದು ನಿಲ್ಲುತ್ತದೆ? ಇದನ್ನು ಕೇಳುವವರು ಅಪರೂಪ. ಪೊಲೀಸರು ಬಂದೋಬಸ್ತ್ ನೋಡುತ್ತಾರೆ. ಅಗ್ನಿಶಾಮಕ ದಳದವರು ಬೆಂಕಿ ನೋಡುತ್ತಾರೆ. ವಿದ್ಯುತ್ ಕಂಪನಿಯವರು ವೈರು, ಮೀಟರು ನೋಡುತ್ತಾರೆ. ಪೆಂಡಾಲ್‌ಗಳಿಗೆಂದೇ ಇರುವ ಭಾರತೀಯ ಮಾನಕ ಐಎಸ್ 8758 ಕೂಡ ಹೇಳುವುದು ಬೆಂಕಿಯ ಮುನ್ನೆಚ್ಚರಿಕೆಯನ್ನೇ. ಲೈಟು, ಸ್ಪೀಕರ್ ಮೇಲೆ ತೂಗುಹಾಕುವ ಕೆಲಸಕ್ಕೆ ರಿಗ್ಗಿಂಗ್ ಅನ್ನುತ್ತಾರೆ. ಅವನ್ನು ಹೊರುವ ಏಣಿಯಂಥ ಲೋಹದ ಚೌಕಟ್ಟು, ಅಂದರೆ ಟ್ರಸ್, ಯಾರ ಟೇಬಲ್‌ಗೂ ಬರುವುದಿಲ್ಲ.

ಒಂದು ಕಾಲದಲ್ಲಿ ಅದು ದೊಡ್ಡ ವಿಷಯವೂ ಆಗಿರಲಿಲ್ಲ. ನಾಲ್ಕು ಸರ್ವೆ ಗಳ, ಮೇಲೊಂದು ಶಾಮಿಯಾನ, ಎರಡು ಹ್ಯಾಲೋಜನ್, ಗಳಕ್ಕೆ ಕಟ್ಟಿದ ಹಾರ್ನ್. ಬಿದ್ದರೂ ತಲೆ ಒಡೆಯುತ್ತಿತ್ತು, ಅಷ್ಟೆ. ಈಗ ತಾಲ್ಲೂಕು ಮಟ್ಟದ ರಾಜ್ಯೋತ್ಸವಕ್ಕೂ, ಬೀದಿ ಗಣೇಶನ ಆರ್ಕೆಸ್ಟ್ರಾಕ್ಕೂ ಅಲ್ಯೂಮಿನಿಯಂ ಟ್ರಸ್ ಬೇಕು, ಚೂಪು ಕಿರಣ ಬೀಸುವ ಶಾರ್ಪಿ ಲೈಟು ಬೇಕು, ಹಿಂದೆ ಎಲ್‌ಇಡಿ ವಾಲ್ ಬೇಕು. ಸಾಮಾನು ಬದಲಾಯಿತು. ಕಟ್ಟುವ ರೂಢಿ ಮಾತ್ರ ಶಾಮಿಯಾನದ ಕಾಲದ್ದೇ.

ಒಂದು ಸಾಧಾರಣ ಸ್ಟೇಜ್‌ನ ಮುಂದಿನ ಟ್ರಸ್ ತೆಗೆದುಕೊಳ್ಳಿ. 40 ಅಡಿ, ಅಂದರೆ 12 ಮೀಟರ್. ಅದರ ಮೇಲೆ 12 ಶಾರ್ಪಿ, ಬಣ್ಣದ ಬೆಳಕಿನ 16 ಎಲ್‌ಇಡಿ ಪಾರ್ ಲೈಟು, ಜನರ ಕಡೆ ಬೆಳಕು ಚೆಲ್ಲುವ 4 ಬ್ಲೈಂಡರ್. ಶಾರ್ಪಿ ಒಂದಕ್ಕೆ ಸುಮಾರು 20 ಕೆಜಿ ಎಂದರೆ 240. ಪಾರ್‌ಗಳು 60ರ ಮೇಲೆ, ಬ್ಲೈಂಡರ್‌ಗಳು 35ರ ಆಸುಪಾಸು. ಒಟ್ಟು 340 ಕೆಜಿ ಅನ್ನೋಣ. ಬಹಳ ಜನ ಲೆಕ್ಕವನ್ನು ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಕ್ಲ್ಯಾಂಪ್, ಪವರ್ ಕೇಬಲ್, ಲೈಟು ನಿಯಂತ್ರಿಸುವ ಡಿಎಂಎಕ್ಸ್ ಕೇಬಲ್ ಸೇರಿ ಇನ್ನೊಂದು 75 ಕೆಜಿ ಆಗುತ್ತದೆ. ಟ್ರಸ್‌ಗೂ ತೂಕ ಇದೆ ಅಲ್ವಾ? ಮೀಟರ್‌ಗೆ 7 ಕೆಜಿ ಹಿಡಿದರೂ 85. ಹೀಗೆ 340 ಅಂದುಕೊಂಡದ್ದು 500 ಆಯಿತು. ಸಂಜೆ ಆರಕ್ಕೆ ಆಯೋಜಕರು ಬಂದು ಮೇಲೆ ನೋಡಿ, "ಅಣ್ಣಾ, ಸ್ವಲ್ಪ ಖಾಲಿ ಕಾಣಿಸ್ತಿದೆ, ಇನ್ನೊಂದ್ ನಾಲ್ಕು ಹಾಕ್ಬಿಡಿ" ಅನ್ನುತ್ತಾರೆ. ಮತ್ತೆ 80 ಕೆಜಿ. ಇದರಲ್ಲಿ ಸೌಂಡ್ ಇನ್ನೂ ಸೇರಿಲ್ಲ. ಒಂದರ ಕೆಳಗೊಂದು ತೂಗುಹಾಕುವ ಲೈನ್ ಅರೇ ಸ್ಪೀಕರಿನ ದೊಡ್ಡ ಬಾಕ್ಸ್ ಒಂದಕ್ಕೇ 50ರಿಂದ 60 ಕೆಜಿ ಇರುತ್ತದೆ. ಒಂದು ಬದಿಗೆ 12 ಬಾಕ್ಸ್ ನೇತುಹಾಕಿದರೆ ಮುಕ್ಕಾಲು ಟನ್ ಹತ್ತಿರ.

ತೂಕ ಗೊತ್ತಾದರೂ ಸಾಲದು. ಆ ತೂಕ ಎಲ್ಲಿ ಹೋಗಿ ಕೂರುತ್ತದೆ ಅನ್ನುವುದರಲ್ಲಿ ಅನುಭವಸ್ಥರೂ ಎಡವುತ್ತಾರೆ. ಎರಡು ತುದಿಯಲ್ಲಿ ಸರಪಳಿ ಎಳೆದು ಭಾರ ಎತ್ತುವ ಎರಡು ಚೈನ್ ಬ್ಲಾಕ್ ಹಾಕಿ ಈ 500 ಕೆಜಿ ಎತ್ತಿದರೆ ಒಂದೊಂದಕ್ಕೆ 250. ನಡುವೆ ಟ್ರಸ್ ಸ್ವಲ್ಪ ಜೋತು ಬಿದ್ದಂತೆ ಕಾಣುತ್ತದೆ. "ಸೇಫ್ಟಿಗೆ ಇರಲಿ" ಎಂದು ಮಧ್ಯದಲ್ಲಿ ಇನ್ನೊಂದು ಬ್ಲಾಕ್ ಸೇರಿಸುತ್ತಾರೆ. ಈಗ ಯಾವುದಕ್ಕೆ ಎಷ್ಟು? ಮೂರರಿಂದ ಭಾಗಿಸಿ 167 ಅನ್ನುವವರೇ ಜಾಸ್ತಿ. ನಿಜದ ಲೆಕ್ಕ ಬೇರೆ. ಭಾರ ಸಮನಾಗಿ ಹರಡಿದ್ದರೆ ಎಂಟರಲ್ಲಿ ಐದು ಪಾಲು ಮಧ್ಯದ ಬ್ಲಾಕ್ ಮೇಲೆ ಬೀಳುತ್ತದೆ. ಅಂದರೆ 310 ಕೆಜಿ ದಾಟುತ್ತದೆ. ತುದಿಗಳಿಗೆ ಉಳಿಯುವುದು ತಲಾ 94 ಕೆಜಿ ಮಾತ್ರ. ಸೇಫ್ಟಿಗೆಂದು ಸೇರಿಸಿದ್ದೇ ಎಲ್ಲಕ್ಕಿಂತ ಜಾಸ್ತಿ ಹೊರುತ್ತಿರುತ್ತದೆ. ಅಲ್ಲಿ ಗೋದಾಮಿನಲ್ಲಿ ಉಳಿದಿದ್ದ ಸಣ್ಣ ಬ್ಲಾಕನ್ನೋ ಭಾರ ತೂಗುಹಾಕುವ ಹಳೇ ಬೆಲ್ಟನ್ನೋ ಹಾಕಿದ್ದರೆ? ಎತ್ತುವಾಗ ಮಧ್ಯದವನು ಕೈ ಜೋರು ಮಾಡಿ ಎರಡು ಇಂಚು ಮೇಲೆ ಎಳೆದುಬಿಟ್ಟರೆ ತುದಿಗಳು ಪೂರ್ತಿ ಹಗುರ, ಭಾರವೆಲ್ಲ ನಡುವಿಗೆ. ಎತ್ತುವ ಹೊತ್ತಿನಲ್ಲಿ ಒಬ್ಬನದೇ ದನಿ ಕೇಳಬೇಕು ಎಂದು ಹಳಬರು ಹೇಳುವುದು ಅದಕ್ಕೇ. ಚೈನ್ ಬ್ಲಾಕ್ ಮತ್ತು ಟ್ರಸ್ ನಡುವೆ ಸಿಕ್ಕಿಸಿ ಭಾರ ಓದುವ ಲೋಡ್ ಸೆಲ್‌ಗಳೂ ಇವೆ. ದೊಡ್ಡ ಶೋಗಳಲ್ಲಿ ಬಳಸುತ್ತಾರೆ. ನಮ್ಮ ಬಾಡಿಗೆ ಗೋದಾಮುಗಳಲ್ಲಿ ಅದನ್ನು ಕಾಣುವುದು ಕಷ್ಟ.

ಕೋನದ ವಿಷಯವೂ ಹೀಗೇ ಮೋಸ ಮಾಡುತ್ತದೆ. ನೀರು ತುಂಬಿದ ಬಕೆಟ್ಟನ್ನು ಇಬ್ಬರು ಹತ್ತಿರ ನಿಂತು ಎತ್ತಿದರೆ ಹಗುರ, ದೂರ ದೂರ ನಿಂತು ಎತ್ತಿದರೆ ತೋಳು ಕಿತ್ತು ಬರುತ್ತದೆ. ಒಂದು ಭಾರವನ್ನು ಎರಡು ಬೆಲ್ಟ್‌ಗಳು ಹಿಡಿದಿವೆ ಎನ್ನಿ. ಅವುಗಳ ನಡುವಿನ ಕೋನ 60 ಡಿಗ್ರಿ ಇದ್ದರೆ ಒಂದೊಂದರ ಮೇಲೆ ಒಟ್ಟು ತೂಕದ 58 ಭಾಗ, ನೂರಕ್ಕೆ. 90 ಆದರೆ 71. 120 ಡಿಗ್ರಿ ಆದರೆ ಪ್ರತಿ ಬೆಲ್ಟಿಗೂ ಪೂರ್ತಿ ತೂಕವೇ ಬೀಳುತ್ತದೆ. ಇನ್ನೂ ಅಗಲಿಸಿದರೆ ಅದಕ್ಕಿಂತ ಜಾಸ್ತಿ. ಕಲ್ಯಾಣ ಮಂಟಪಗಳಲ್ಲಿ ಛಾವಣಿ ಗಿಡ್ಡ. ಬೆಲ್ಟ್ ಉದ್ದ ಬಿಟ್ಟರೆ ಟ್ರಸ್ ಕೆಳಗೆ ಬಂದು ಡೆಕೊರೇಶನ್‌ಗೆ ತಾಗುತ್ತದೆ. ಹಾಗಾಗಿ ಬೆಲ್ಟನ್ನು ಹೆಚ್ಚುಕಮ್ಮಿ ಮಟ್ಟಸವಾಗಿ ಎಳೆದು ಕಟ್ಟುತ್ತಾರೆ. ನೋಡಲು ಬಿಗಿಯಾಗಿ, ಭದ್ರವಾಗಿ ಕಾಣುತ್ತದೆ. ಆ ಬಿಗಿಯೇ ಅಪಾಯ. ಜೊತೆಗೆ ಮಂಟಪದ ಛಾವಣಿಯ ಕೊಕ್ಕೆಗಳು ಹೂವಿನ ಅಲಂಕಾರಕ್ಕೆ ಬಿಟ್ಟವು. ಅವು ಎಷ್ಟು ತಡೆಯುತ್ತವೆ ಎಂದು ಮ್ಯಾನೇಜರನ್ನು ಕೇಳಿ ನೋಡಿ, "ಏನೂ ಆಗಲ್ಲ ಸಾರ್" ಎಂಬ ಉತ್ತರ ಬರುತ್ತದೆ.

ಸಣ್ಣ ಸಾಮಾನುಗಳ ಕಡೆ ಬರೋಣ. ಬೆಲ್ಟ್‌ಗಳಿಗೆ ಬಣ್ಣದ ಗುರುತಿದೆ. ನೇರಳೆ ಒಂದು ಟನ್, ಹಸಿರು ಎರಡು, ಹಳದಿ ಮೂರು. ಇದು ನೇರವಾಗಿ ತೂಗಿದಾಗಿನ ಲೆಕ್ಕ. ಟ್ರಸ್‌ಗೆ ಸುತ್ತಿ ಕುಣಿಕೆ ಹಾಕಿದರೆ ಶೇಕಡ 80ಕ್ಕೆ ಇಳಿಯುತ್ತದೆ. ಚೀಟಿ ಹರಿದುಹೋದ, ಒಳಗಿನ ನೂಲು ಕಾಣುವ ಬೆಲ್ಟನ್ನು ಕತ್ತರಿಸಿಯೇ ಬಿಸಾಡಬೇಕು. ಹಾಗೇ ಬಿಸಾಡಿದರೆ ಯಾರೋ ಒಬ್ಬರು ಎತ್ತಿಕೊಂಡು ಮತ್ತೆ ಮೇಲೆ ಕಟ್ಟುತ್ತಾರೆ. ಪಾಲಿಯೆಸ್ಟರ್ ಬೆಲ್ಟು ಸುಮಾರು 250 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಬೆಂಕಿ ತಗುಲಿದಾಗ ಮೊದಲು ಕೈಬಿಡುವುದೇ ಅದು. ಅದಕ್ಕೇ ಬೆಲ್ಟಿನ ಜೊತೆ ಒಂದು ಉಕ್ಕಿನ ಹಗ್ಗವನ್ನೂ ಸುತ್ತುವುದು ಒಳ್ಳೆಯ ಪದ್ಧತಿ. ಉಕ್ಕಿನ ಹಗ್ಗಕ್ಕೆ ಯು-ಕ್ಲಿಪ್ ಹಾಕುವಾಗ ಅದರ ಯು ಭಾಗ ಕತ್ತರಿಸಿದ ಗಿಡ್ಡ ತುದಿಯ ಮೇಲೆ ಕೂರಬೇಕು, ಭಾರ ಹೊರುವ ಎಳೆಯ ಮೇಲಲ್ಲ. ತಿರುಗಿಸಿ ಹಾಕಿದರೆ ಹೊರುವ ಎಳೆಯೇ ಜಜ್ಜಿಹೋಗುತ್ತದೆ. ಅರ್ಧಕ್ಕರ್ಧ ಕಡೆ ತಿರುಗಿಸಿಯೇ ಹಾಕಿರುತ್ತಾರೆ ಅಂದರೆ ಉತ್ಪ್ರೇಕ್ಷೆ ಇರಬಹುದು, ಆದರೆ ಮುಂದಿನ ಸಲ ಟ್ರಸ್ ಹೊತ್ತು ನಿಲ್ಲುವ ಯಾವುದಾದರೂ ಟವರ್ ಹತ್ತಿರ ಹೋದಾಗ ನೋಡಿ.

ಲೈಟಿನ ಸೇಫ್ಟಿ ವೈರ್ ಬಗ್ಗೆ ಒಂದು ಮಾತು. ಅದು ಇರಬೇಕು ಅನ್ನುವುದು ಎಲ್ಲರಿಗೂ ಗೊತ್ತು. ಗಿಡ್ಡ ಇರಬೇಕು ಅನ್ನುವುದು ಮರೆತುಹೋಗುತ್ತದೆ. ಕ್ಲ್ಯಾಂಪ್ ಕಳಚಿದರೆ ಲೈಟು ಬೀಳುವ ದೂರ ಒಂದು ಗೇಣು ದಾಟಬಾರದು. ಮೂರಡಿ ಸಡಿಲ ಬಿಟ್ಟರೆ 20 ಕೆಜಿ ಲೈಟು ವೇಗ ಪಡೆದು ಜಗ್ಗುವ ಹೊಡೆತಕ್ಕೆ ವೈರೇ ತುಂಡಾಗಬಹುದು. ಇನ್ನು ಬೈಂಡಿಂಗ್ ವೈರ್‌ನಲ್ಲಿ ಸುತ್ತಿ ಬಿಡುವುದು ಸುಮ್ನೆ ಕಣ್ಣಿಗೆ ಸಮಾಧಾನ.

ಉಕ್ಕು ಕೂಡ ದಣಿಯುತ್ತದೆ. 2022ರ ಜುಲೈ 28ರಂದು ಹಾಂಗ್‌ಕಾಂಗ್ ಕೊಲಿಸಿಯಂನಲ್ಲಿ ಮಿರರ್ ಎಂಬ ತಂಡದ ಶೋ ನಡೆಯುತ್ತಿತ್ತು. ಮೇಲೆ ನೇತಾಡುತ್ತಿದ್ದ ದೊಡ್ಡ ಎಲ್‌ಇಡಿ ಪರದೆ ಒಂದು ಬದಿಯ ಉಕ್ಕಿನ ಹಗ್ಗ ತುಂಡಾಗಿ ಕುಣಿಯುತ್ತಿದ್ದವರ ಮೇಲೆ ಬಿತ್ತು. ಒಬ್ಬ ಡಾನ್ಸರ್‌ಗೆ ಕುತ್ತಿಗೆಯ ಬೆನ್ನುಹುರಿಗೇ ಪೆಟ್ಟಾಯಿತು. ತನಿಖೆಯಲ್ಲಿ ಲೋಹದ ಬಳಲಿಕೆ ಕಾಣಿಸಿತು. ಮತ್ತೆ ಮತ್ತೆ ಬಾಗಿ, ಜಗ್ಗಿ ಎಳೆಗಳು ಒಂದೊಂದಾಗಿ ಸೋತಿದ್ದವು. ನಿನ್ನೆ ನಿಂತಿತ್ತು ಎಂಬ ಕಾರಣಕ್ಕೆ ಇವತ್ತೂ ನಿಲ್ಲುತ್ತದೆ ಅನ್ನುವ ಹಾಗಿಲ್ಲ. ನಮ್ಮ ಕಡೆ ಒಂದೇ ಟ್ರಸ್ ಒಂದು ಸೀಸನ್‌ನಲ್ಲಿ ಗಣೇಶ, ದಸರಾ, ರಾಜ್ಯೋತ್ಸವ, ಮದುವೆ ಎಲ್ಲವನ್ನೂ ಕಾಣುತ್ತದೆ. ಪ್ರತಿ ಸಲ ಲಾರಿಯಿಂದ ಎಸೆಯುತ್ತಾರೆ. ಪೈಪಿನಲ್ಲಿ ಒಂದು ನೆಗ್ಗು ಬಿದ್ದರೂ, ಬೆಸುಗೆಯಲ್ಲಿ ಕೂದಲೆಳೆಯ ಬಿರುಕು ಬಿಟ್ಟರೂ ಆ ತುಂಡು ಅಲ್ಲಿಗೆ ಮುಗಿಯಿತು. ಬೆಸುಗೆಯ ಬಿಸಿಗೆ ಅಲ್ಯೂಮಿನಿಯಂ ಆ ಜಾಗದಲ್ಲಿ ಮೊದಲೇ ದುರ್ಬಲವಾಗಿರುತ್ತದೆ. ಅದನ್ನು ಊರ ಗ್ಯಾರೇಜಿನಲ್ಲಿ ಮತ್ತೆ ವೆಲ್ಡ್ ಮಾಡಿಸಿ ಬಣ್ಣ ಹೊಡೆದರೆ ಬಿರುಕು ಮುಚ್ಚುತ್ತದೆ, ಬಲ ಬರುವುದಿಲ್ಲ.

ಗಾಳಿಯ ಲೆಕ್ಕ

ಬಯಲಿನ ಶೋಗಳಲ್ಲಿ ತೂಕಕ್ಕಿಂತ ದೊಡ್ಡ ಶತ್ರು ಗಾಳಿ. 2011ರ ಆಗಸ್ಟ್ 13ರ ರಾತ್ರಿ ಅಮೆರಿಕದ ಇಂಡಿಯಾನಾ ಸ್ಟೇಟ್ ಫೇರ್‌ನಲ್ಲಿ ಶುಗರ್‌ಲ್ಯಾಂಡ್ ಎಂಬ ತಂಡ ಸ್ಟೇಜಿಗೆ ಬರುವುದಿತ್ತು. ಬಿರುಗಾಳಿಯ ಎಚ್ಚರಿಕೆ ಬಂದಿತ್ತು. ಶೋ ನಿಲ್ಲಿಸಬೇಕೋ ಬೇಡವೋ ಎಂಬ ಚರ್ಚೆ ನಡೆದೇ ಇತ್ತು. 8 ಗಂಟೆ 46 ನಿಮಿಷಕ್ಕೆ ಲೈಟು, ಸ್ಪೀಕರ್ ಹೊತ್ತ ಇಡೀ ಮೇಲ್ಛಾವಣಿ ಜನರ ಮೇಲೆ ಮಗುಚಿತು. 7 ಜನ ಸತ್ತರು. ಆಗ ಬೀಸಿದ ಗಾಳಿ ಗಂಟೆಗೆ ಸುಮಾರು 95 ಕಿಲೋಮೀಟರ್. ಛಾವಣಿಯನ್ನು ಎಳೆದು ಹಿಡಿಯುವ ತಂತಿಗಳನ್ನು ರಸ್ತೆ ಬದಿಯ ಕಾಂಕ್ರೀಟ್ ತಡೆಗೋಡೆಯ ಬ್ಲಾಕುಗಳಿಗೆ ಕಟ್ಟಿದ್ದರು. ಆ ಏರ್ಪಾಡು ತಡೆಯಬಲ್ಲದ್ದು ಗಾಳಿಯ ದಿಕ್ಕು ನೋಡಿಕೊಂಡು 40ರಿಂದ 69 ಕಿಲೋಮೀಟರ್‌ವರೆಗೆ ಮಾತ್ರ ಎಂದು ಎಂಜಿನಿಯರುಗಳ ತನಿಖೆ ಹೇಳಿತು. ಅಲ್ಲಿನ ನಿಯಮ ಕೇಳುತ್ತಿದ್ದದ್ದು 109. ಬ್ಲಾಕುಗಳು ಭಾರವಾಗಿಯೇ ಇದ್ದವು. ಆದರೆ ಅವನ್ನು ನೆಲದ ಮೇಲೆ ಸುಮ್ಮನೆ ಇಟ್ಟಿದ್ದರು, ಎಳೆತಕ್ಕೆ ಜಾರಿದವು. ನಾವು ಟವರ್ ಬುಡಕ್ಕೆ ಮರಳಿನ ಚೀಲ, ನೀರಿನ ಡ್ರಮ್ ಇಡುವಾಗ ಆಗುವುದೂ ಇದೇ. 200 ಲೀಟರ್ ಡ್ರಮ್ 200 ಕೆಜಿ ತೂಗುತ್ತದೆ ನಿಜ, ಅಡ್ಡ ಎಳೆದರೆ ಅದರ ಅರ್ಧಕ್ಕೂ ನಿಲ್ಲುವುದಿಲ್ಲ.

ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ಹಿಂದಿನ ಎಲ್‌ಇಡಿ ವಾಲ್ 20 ಅಡಿ ಅಗಲ, 12 ಅಡಿ ಎತ್ತರ ಇದೆ ಎಂದುಕೊಳ್ಳಿ. 36 ಕಿಲೋಮೀಟರ್ ಗಾಳಿಗೆ ಅದರ ಮೇಲೆ ಬೀಳುವ ತಳ್ಳು ಸುಮಾರು 140 ಕೆಜಿ. 72 ಕಿಲೋಮೀಟರ್‌ಗೆ 560 ಕೆಜಿ. ಇದು ಕನಿಷ್ಠ ಲೆಕ್ಕ, ಚಪ್ಪಟೆ ಹಲಗೆಗೆ ಇನ್ನೂ ಜಾಸ್ತಿಯೇ ಬೀಳುತ್ತದೆ. ಮೇಲೆ ಸ್ಪಾನ್ಸರ್ ಫ್ಲೆಕ್ಸು, ಅಕ್ಕಪಕ್ಕ ಬಟ್ಟೆ ಕಟ್ಟಿದರೆ ಸ್ಟೇಜೇ ಹಾಯಿಪಟ. ಫ್ಲೆಕ್ಸು ಕಟ್ಟುವವರು ರಿಗ್ಗಿಂಗ್‌ನವರನ್ನು ಒಂದು ಮಾತು ಕೇಳುವುದೂ ಇಲ್ಲ. ಅವರದು ಬೇರೆ ಕಾಂಟ್ರಾಕ್ಟು.

ಮಳೆ ಬಂದರೆ ಇನ್ನೊಂದು ತಾಪತ್ರಯ. ಟಾರ್ಪಾಲಿನ ತಗ್ಗಿನಲ್ಲಿ 10 ಅಡಿಗೆ 10 ಅಡಿ ಜಾಗದಲ್ಲಿ ನಾಲ್ಕು ಇಂಚು ನೀರು ನಿಂತರೆ 900 ಕೆಜಿ ದಾಟುತ್ತದೆ. ಇದನ್ನು ಯಾವ ಎಸ್ಟಿಮೇಟ್‌ನಲ್ಲೂ ಯಾರೂ ಸೇರಿಸಿರುವುದಿಲ್ಲ.

ಐಎಸ್ 875 ಎಂಬ ಮಾನಕದ ಮೂರನೇ ಭಾಗ ದೇಶದ ಊರುಗಳ ಗಾಳಿಯ ವೇಗ ಕೊಡುತ್ತದೆ. ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39. ತಾತ್ಕಾಲಿಕ ಕಟ್ಟಡಗಳಿಗೆ ರಿಯಾಯಿತಿ ಇದೆ. ಆ ರಿಯಾಯಿತಿ ಹಿಡಿದರೂ ಬೆಂಗಳೂರಿನ ಲೆಕ್ಕ ಗಂಟೆಗೆ 97 ಕಿಲೋಮೀಟರ್ ಆಸುಪಾಸು ಬರುತ್ತದೆ. ಬಾಡಿಗೆಯ ಟವರುಗಳು ಇಷ್ಟಕ್ಕೆ ನಿಲ್ಲುವುದಿಲ್ಲ. ನಿಲ್ಲಲೇಬೇಕು ಎಂದೂ ಇಲ್ಲ, ಅಷ್ಟು ಗಾಳಿ ಬರುವ ಮೊದಲೇ ಜನರನ್ನು ಆಚೆ ಕಳಿಸಿ ಸಾಮಾನು ಇಳಿಸುವ ವ್ಯವಸ್ಥೆ ಇದ್ದರೆ. ನಿರ್ಧಾರ ನಿಂತಿರುವುದು ಆ 'ಇದ್ದರೆ' ಮೇಲೆ. ಇಂತಿಷ್ಟು ವೇಗಕ್ಕೆ ಬ್ಯಾನರು ಬಿಚ್ಚುವುದು, ಇಂತಿಷ್ಟಕ್ಕೆ ಹಾಡು ನಿಲ್ಲಿಸಿ ಎಲ್‌ಇಡಿ ವಾಲ್ ಇಳಿಸುವುದು, ಇಂತಿಷ್ಟಕ್ಕೆ ಮೈದಾನ ಖಾಲಿ ಮಾಡಿಸುವುದು ಎಂದು ಮೊದಲೇ ಬರೆದಿರಬೇಕು. ಅಂಕಿ ಕೊಡಬೇಕಾದವರು ಆ ಸ್ಟ್ರಕ್ಚರ್ ಡಿಸೈನ್ ಮಾಡಿದವರು. ಅಳೆಯಲು ಟ್ರಸ್ ಎತ್ತರದಲ್ಲಿ ಒಂದು ಗಾಳಿ ಮೀಟರ್ ಸಾಕು. ಫೋನಿನ ಆ್ಯಪ್ ತೋರಿಸುವ ಗಾಳಿ ನಿಮ್ಮ ಮೈದಾನದ್ದಲ್ಲ. ಏಪ್ರಿಲ್, ಮೇ ತಿಂಗಳ ಸಂಜೆ ಗಾಳಿಮಳೆಯಲ್ಲಿ ಮೊದಲು ನುಗ್ಗುವುದು ಗಾಳಿ, ಹನಿ ಬೀಳುವುದು ಆಮೇಲೆ. ಹನಿ ನೋಡಿ ಎದ್ದವರಿಗೆ ಹೊತ್ತು ಮೀರಿರುತ್ತದೆ. ಜಾತ್ರೆ, ಕಾಲೇಜು ಫೆಸ್ಟು ಬಹಳಷ್ಟು ನಡೆಯುವುದು ಇದೇ ತಿಂಗಳುಗಳಲ್ಲಿ.

ಎಲ್ಲವನ್ನೂ ಗಾಳಿಯ ತಲೆಗೆ ಕಟ್ಟುವಂತೆಯೂ ಇಲ್ಲ. 2012ರ ಜೂನ್ 16ರಂದು ಟೊರಾಂಟೊದಲ್ಲಿ ರೇಡಿಯೋಹೆಡ್ ತಂಡದ ಶೋಗೆ ಗೇಟು ತೆರೆಯಲು ಸ್ವಲ್ಪ ಹೊತ್ತಿರುವಾಗ ಸ್ಟೇಜಿನ ಛಾವಣಿ ಕುಸಿಯಿತು. ಬಿರುಗಾಳಿ ಇರಲಿಲ್ಲ. ತಂಡದ ಡ್ರಮ್ ತಂತ್ರಜ್ಞರೊಬ್ಬರು ಸತ್ತರು. ತಪ್ಪಿದ್ದದ್ದು ಕಾಗದದ ಮೇಲಿನ ಲೆಕ್ಕದಲ್ಲೇ.

ನಮ್ಮಲ್ಲಿ ಆದದ್ದು

ನಮ್ಮ ದೇಶದ ಅಪಘಾತಗಳನ್ನು ನೋಡಿದರೆ ಬೇರೆ ಬೇರೆ ತರಹದವು. 2020ರ ಫೆಬ್ರುವರಿ 19ರಂದು ಚೆನ್ನೈ ಹೊರವಲಯದ ಸಿನಿಮಾ ಸೆಟ್‌ನಲ್ಲಿ ಭಾರೀ ಲೈಟು ಹೊತ್ತ ಕ್ರೇನ್ ಮಗುಚಿ ಮೂವರು ಸತ್ತರು. 2024ರ ಜನವರಿಯಲ್ಲಿ ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿಯಲ್ಲಿ ಸಾಫ್ಟ್‌ವೇರ್ ಕಂಪನಿಯೊಂದರ ಬೆಳ್ಳಿಹಬ್ಬ. ಕಂಪನಿಯ ಇಬ್ಬರು ಮುಖ್ಯಸ್ಥರನ್ನು ಕಬ್ಬಿಣದ ಪಂಜರದಲ್ಲಿ ಮೇಲಿನಿಂದ ಇಳಿಸುವಾಗ ಒಂದು ಬದಿ ಕಿತ್ತು ಬಂತು. ಒಬ್ಬರು ಉಳಿಯಲಿಲ್ಲ. ಅದೇ ತಿಂಗಳು ದಿಲ್ಲಿಯ ಕಾಲ್ಕಾಜಿಯಲ್ಲಿ ಜಾಗರಣೆಯ ಕಾರ್ಯಕ್ರಮಕ್ಕೆ ಬಂದ ಜನ ಸ್ಟೇಜ್ ಪಕ್ಕದ ಕಟ್ಟೆ ಹತ್ತಿ ಅದು ಕುಸಿಯಿತು. ಒಬ್ಬರು ಸತ್ತು 17 ಜನಕ್ಕೆ ಗಾಯವಾಯಿತು. ಚೆನ್ನೈ ಘಟನೆಯಲ್ಲಿ ಯಂತ್ರಕ್ಕೆ ಅದರದಲ್ಲದ ಕೆಲಸ. ಹೈದರಾಬಾದಿನಲ್ಲಿ ಮನುಷ್ಯರನ್ನು ಎತ್ತುವ ಕೆಲಸ. ಅದು ಲೈಟು ಎತ್ತುವ ಕೆಲಸದ ಜಾತಿಯೇ ಅಲ್ಲ, ಅದಕ್ಕೆ ಬೇರೆಯೇ ಸಾಮಾನು, ಬೇರೆಯೇ ಪರಿಣತಿ ಬೇಕು. ಮದುವೆಗಳಲ್ಲಿ ವಧೂವರರನ್ನು ಆಕಾಶದಿಂದ ಇಳಿಸುವ ಶೋಕಿ ಈಗ ನಮ್ಮಲ್ಲೂ ಬಂದಿದೆ. ಅದನ್ನು ಮಾಡಿಕೊಡುತ್ತೇವೆ ಎನ್ನುವವರಲ್ಲಿ ಎಷ್ಟು ಜನಕ್ಕೆ ಆ ಪರಿಣತಿ ಇದೆ ಎಂದು ಕೇಳದೇ ಹಣ ಕೊಡಬೇಡಿ.

ಕರ್ನಾಟಕದಲ್ಲಿ ಕರೆಂಟು ದೊಡ್ಡ ಕೊಲೆಗಾರ. 2024ರ ಜನವರಿ 8ರಂದು ಗದಗ ಜಿಲ್ಲೆಯ ಸೂರಣಗಿಯಲ್ಲಿ ನಟನ ಹುಟ್ಟುಹಬ್ಬಕ್ಕೆ ದೊಡ್ಡ ಕಟೌಟ್ ನಿಲ್ಲಿಸುತ್ತಿದ್ದ ಮೂವರು ಯುವಕರು ವಿದ್ಯುತ್ ತಗುಲಿ ಸತ್ತರು. 2021ರ ಆಗಸ್ಟ್‌ನಲ್ಲಿ ಬಿಡದಿ ಹತ್ತಿರ ಶೂಟಿಂಗ್‌ನಲ್ಲಿ ಕ್ರೇನ್ ಮತ್ತು ಲೋಹದ ಹಗ್ಗ ಹೈಟೆನ್ಷನ್ ಲೈನ್‌ಗೆ ತಾಗಿ ಒಬ್ಬ ಸಾಹಸ ಕಲಾವಿದ ತೀರಿಕೊಂಡರು. ಟ್ರಸ್ ಅಂದರೆ ಉದ್ದನೆಯ ಅಲ್ಯೂಮಿನಿಯಂ, ಅಂದರೆ ಬಹಳ ಒಳ್ಳೆಯ ವಾಹಕ. ಮೇಲಿನ ಲೈನ್‌ನಿಂದ ನಿಮ್ಮ ಅತಿ ಉದ್ದದ ಪೈಪು ಮಗುಚಿದರೂ ತಾಗದಷ್ಟು ದೂರದಲ್ಲಿ ಸ್ಟೇಜ್ ಇರಬೇಕು. ಟ್ರಸ್‌ಗೇ ಪ್ರತ್ಯೇಕ ಅರ್ಥಿಂಗ್ ಬೇಕು, ಸಪ್ಲೈನಲ್ಲಿ ಕರೆಂಟು ಸೋರಿದರೆ ತಾನೇ ಕಡಿದುಹಾಕುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಬೇಕು. "ಟ್ರಿಪ್ ಆಗ್ತಾ ಇದೆ, ಬೈಪಾಸ್ ಮಾಡು" ಎಂಬ ಮಾತು ಕೇಳಿದರೆ ಶೋ ಅಲ್ಲಿಗೇ ನಿಲ್ಲಬೇಕು.

ಎತ್ತರದಿಂದ ಬೀಳುವುದು ಸುದ್ದಿಯಾಗುವುದೇ ಕಡಿಮೆ. 2024ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಹೊರವಲಯದ ಶೂಟಿಂಗ್‌ನಲ್ಲಿ ಲೈಟ್ ಬಾಯ್ ಒಬ್ಬರು ಸುಮಾರು 30 ಅಡಿ ಮೇಲಿನಿಂದ ಬಿದ್ದು ಸತ್ತದ್ದು ಸಿನಿಮಾದ ಕಾರಣಕ್ಕೆ ಪತ್ರಿಕೆಗೆ ಬಂತು. ಜಾತ್ರೆ ಮೈದಾನದಲ್ಲಿ ಬಿದ್ದು ಸೊಂಟ ಮುರಿದುಕೊಂಡವರ ಸುದ್ದಿ ಒಳಪುಟಕ್ಕೂ ಬರುವುದಿಲ್ಲ. ಟ್ರಸ್ ಹತ್ತುವ ಹುಡುಗರ ಕಾಲಲ್ಲಿ ಹವಾಯಿ ಚಪ್ಪಲಿ, ಸೊಂಟದಲ್ಲಿ ಏನೂ ಇಲ್ಲ. ಹಾರ್ನೆಸ್ ಕೊಟ್ಟರೂ ಹಾಕಲ್ಲ ಸಾರ್ ಎಂದು ಮಾಲೀಕರು ದೂರುತ್ತಾರೆ. ಅದರಲ್ಲೂ ನಿಜವಿದೆ. ಹಾರ್ನೆಸ್ ಹಾಕಿಕೊಂಡರೆ ಕೊಕ್ಕೆ ಬಿಚ್ಚಿ, ಸಿಕ್ಕಿಸಿ ಹೋಗಲು ಹೊತ್ತು ಹಿಡಿಯುತ್ತದೆ. ಎಂಟು ಗಂಟೆಯ ಕೆಲಸವನ್ನು ನಾಲ್ಕು ಗಂಟೆಯಲ್ಲಿ ಮುಗಿಸಿ ಎಂದವರು ಯಾರು?

ಈ ಹುಡುಗರಿಗೆ ಏನೂ ಗೊತ್ತಿಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಯಾವ ಟವರ್ ವಾಲುತ್ತದೆ, ಯಾವ ವಿಂಚಿನ ಹಲ್ಲು ಸವೆದಿದೆ ಎಂದು ಮಾಲೀಕನಿಗಿಂತ ಮೊದಲು ಅವರಿಗೆ ಗೊತ್ತಿರುತ್ತದೆ. ಬೇಡ ಅನ್ನುವ ಹಕ್ಕು ಇರುವುದಿಲ್ಲ. ಇಂಡಿಯಾನಾದ ತನಿಖೆಯಲ್ಲೂ ಇದೇ ಹೊರಬಂತು, ಶೋ ನಿಲ್ಲಿಸುವ ಅಧಿಕಾರ ಯಾರದು ಎಂಬುದೇ ಸ್ಪಷ್ಟವಿರಲಿಲ್ಲ. ನಮ್ಮಲ್ಲಿ ಮುಖ್ಯ ಅತಿಥಿಗಳು ಎರಡು ಗಂಟೆ ತಡವಾಗಿ ಬಂದು ಭಾಷಣ ಶುರುಮಾಡಿದ್ದಾರೆ ಎಂದಿಟ್ಟುಕೊಳ್ಳಿ. ಗಾಳಿ ಎದ್ದಿದೆ. ದಿನಗೂಲಿಯ ಹುಡುಗ ಹೋಗಿ ಮೈಕ್ ಕಿತ್ತುಕೊಳ್ಳುತ್ತಾನೆಯೇ?

ಹಾಗಾಗಿ ಅನುಮತಿ ಅರ್ಜಿಗೆ ಸೇರಬೇಕಾದದ್ದು ಬಹಳವೇನಿಲ್ಲ. ಮೇಲೆ ಏನೇನು ಎಷ್ಟೆಷ್ಟು ತೂಕ ಎಂಬ ಒಂದು ಹಾಳೆ. ಗಾಳಿಯ ಯಾವ ವೇಗಕ್ಕೆ ಏನು ಮಾಡುತ್ತೇವೆ ಎಂಬ ಇನ್ನೊಂದು ಹಾಳೆ. ಇವೆರಡಕ್ಕೂ ಸ್ಟ್ರಕ್ಚರಲ್ ಎಂಜಿನಿಯರ್ ಸಹಿ. ಶೋ ನಿಲ್ಲಿಸುವ ಅಧಿಕಾರ ಇರುವ ಒಬ್ಬರ ಹೆಸರು, ಫೋನ್ ನಂಬರ್. ಸಹಿ ದುಡ್ಡಿಗೆ ಸಿಗುತ್ತದೆ, ನೋಡದೇ ಹಾಕುತ್ತಾರೆ ಎಂಬ ಆಕ್ಷೇಪ ಬರುತ್ತದೆ. ಬರಲಿ. ಹೆಸರು ಹಾಕಿದವನಿಗೆ ನಾಳೆ ಕೋರ್ಟು ಕಾಣಿಸುತ್ತದೆ, ಈಗ ಯಾರ ಹೆಸರೂ ಇಲ್ಲ. ಸಣ್ಣ ಶೋಗಳಿಗೆ ಇದು ಹೊರೆ ಅನ್ನುವವರ ಮಾತಿನಲ್ಲಿ ಹುರುಳಿದೆ. ನಾಲ್ಕು ಪಾರ್, ಎರಡು ಸ್ಪೀಕರ್ ಸ್ಟ್ಯಾಂಡಿನ ಹಬ್ಬಕ್ಕೆ ಎಂಜಿನಿಯರ್ ಬೇಕಿಲ್ಲ. ಜನರ ತಲೆಯ ಮೇಲೆ ಏನಾದರೂ ನೇತಾಡುವುದಾದರೆ, ಅಥವಾ ಬಯಲಿನಲ್ಲಿ ಆಳೆತ್ತರ ಮೀರಿದ ಎಲ್‌ಇಡಿ ವಾಲ್ ನಿಲ್ಲುವುದಾದರೆ ಮಾತ್ರ ಸಾಕು.

ಇನ್ನೊಂದು ವಿಷಯ ಅನುಮತಿ ಪತ್ರದಲ್ಲಿ ಇರುವುದೇ ಇಲ್ಲ, ಬಿಚ್ಚುವ ಹೊತ್ತು. ರಾತ್ರಿ ಹತ್ತಕ್ಕೆ ಪರ್ಮಿಷನ್ ಮುಗಿಯುತ್ತದೆ. ಪೊಲೀಸರು ಹೊರಡುತ್ತಾರೆ, ಆಂಬುಲೆನ್ಸೂ ಹೊರಡುತ್ತದೆ. ಟನ್ನುಗಟ್ಟಲೆ ಸಾಮಾನು ಇನ್ನೂ ಮೇಲೆಯೇ ಇರುತ್ತದೆ. ಹಿಂದಿನ ರಾತ್ರಿಯಿಂದ ನಿದ್ದೆ ಇಲ್ಲದವರೇ ಅದನ್ನು ಇಳಿಸಬೇಕು. ಬೆಳಗ್ಗೆ ಇನ್ನೊಂದು ಊರಿನಲ್ಲಿ ಶೋ ಇದೆ, ಲಾರಿಯವನು ಹಾರ್ನ್ ಹೊಡೆಯುತ್ತಿದ್ದಾನೆ. ಮೈದಾನದ ಲೈಟು ಆರಿಸಿಯಾಗಿದೆ, ಫೋನಿನ ಟಾರ್ಚಿನಲ್ಲಿ ಶ್ಯಾಕಲ್ ಎಂಬ ಉಕ್ಕಿನ ಕೊಂಡಿ ಬಿಚ್ಚುತ್ತಾರೆ. ಟ್ರಸ್ ಕೆಳಗೆ ಕುರ್ಚಿ ಮಡಚುವವರು ಓಡಾಡುತ್ತಿರುತ್ತಾರೆ. ಕಾರ್ಯಕ್ರಮ ಮಾಡಿಸುವವರು ನೀವಾಗಿದ್ದರೆ ಕೊಟೇಶನ್ ಮಾತಾಡುವಾಗಲೇ ಇಷ್ಟು ಸೇರಿಸಿ: ಬಿಚ್ಚಲು ಬೇರೆ ತಂಡ, ಇಲ್ಲದಿದ್ದರೆ ಬಿಚ್ಚುವುದು ಬೆಳಕು ಹರಿದ ಮೇಲೆ. ಆಂಬುಲೆನ್ಸ್ ಬಾಡಿಗೆ ಕೊನೆಯ ಟ್ರಸ್ ನೆಲ ಮುಟ್ಟುವವರೆಗೆ. ಕುರ್ಚಿಯವರಿಗೆ ಮೈದಾನ ಬಿಡುವುದು ಅದಾದ ಮೇಲೆ.